ಎರಡು ಗೂಡ್ಸ್ ಗಾಡಿ

ವಾಡಿ ಜಂಕ್ಷನ್ನಿನ ಯಾರ್ಡಿನ ಗ್ವಾಡಿಗಿ ಬೆನ್ನು ಹಚ್ಚಿ ನಮ್ಮ ಮನಿ.
ರಾತ್ರಿ ಎರಡು ಗೂಡ್ಸ್ ಗಾಡಿ, ಒಂದು ಸಿಮೆಂಟಿಂದು, ಒಂದು ಕಲ್ಲಿದ್ದಲಿಂದು,
ಜೋಡಿ ಹಳಿ ಮ್ಯಾಲ ಒಂದೇ ದಿಕ್ಕಿಗಿ ಹೊಂಟರ
ನಿದ್ದಿಗಣ್ಣಾಗ ಎಣಿಸ್ತಿದ್ದೆ.
ಟಕ ಟಕ್, ಟಕ ಟಕ್,
ಒಂದರ ಸಪ್ಪಳ ಇನ್ನೊಂದರ ಹಿಂದ ಓಡಿ
ಹತ್ತರ ಬಂದು
ನಾಕು ಡಬ್ಬಿ ಹೋಗೋ ಹೊತ್ತು ಎರಡೂ ಒಂದೇ ಆಗಿ
ಮತ್ತ ಅಗಲತಿದ್ದವು.
ಆ ನಾಕು ಡಬ್ಬಿ ಹೊತ್ತಿನ್ಯಾಗ
ಅವ್ವನ ಗೊರಕಿ ಸುದ್ದಾ ತಾಳಕ್ಕ ಬರತಿತ್ತು.

ಜಿಲಾನಿ ಉಸ್ತಾದ ಕಲಿಸಿದ್ದೂ ಇದೇ, ಬ್ಯಾರೆ ಹೆಸರಿಲೆ.
ರಾವೂರಿನ ಶೆಟರಿನ್ಯಾಗ ಎರಡು ಡೆಕ್ಕು,
ಒಂದರ ಬೆಲ್ಟು ಸೈಕಲ್ ಟ್ಯೂಬ್ ಕೊಯ್ದು ಹಾಕಿದ್ದು.
"ಎಡಗಿವಿ ಇದಕ್ಕ ಕೊಡು, ಬಲಗಿವಿ ಅದಕ್ಕ ಕೊಡು,
ನಡಬರಕ ನೀ ಸುಮ್ಮ ನಿಂದ್ರು" ಅಂತಿದ್ದ.
ತಪ್ಪಿದರ ಬೈತಿದ್ದಿಲ್ಲ. ಹೆಡ್‌ಫೋನ್ ಕಸಗೊಂಡು
ಚಾ ತರಾಕ ಕಳಸ್ತಿದ್ದ.
ಮೊದಲ ವರ್ಸ ನಾ ತಂದಿದ್ದು ಬರೇ ಚಾ.

ಜನರೇಟರ್ ಕೆಮ್ಮಿದರ ಹಾಡು ಕುಂಟತಿತ್ತು.
ಹೆಬ್ಬಟ್ಟು ಗಿರಕಿಯ ಅಂಚಿಗಿ, ಕೂಸಿನ ಗಲ್ಲ ಮುಟ್ಟಿದಂಗ:
ಜರಾ ತಡಿ, ಜರಾ ನಡಿ.
ಬರಾತಿನ ಮಂದಿ ಕಾಲಿಗಿ ಗೊತ್ತಾಗಬಾರದು
ಹಾಡು ಬದಲಿ ಆಗ್ಯದ ಅಂತ.
ಗೊತ್ತಾಗಲಿಲ್ಲಂದ್ರ ಅದೇ ಇನಾಮು.
ಅದಕ್ಕ ಯಾರೂ ಎಂದೂ ಶಭಾಸ ಅಂದಿಲ್ಲ.

ಈಗ ಅಕ್ಕನ ಮಗ ಸೈಬಣ್ಣ ಲ್ಯಾಪ್‌ಟಾಪ್ ತಂದಾನ.
ಅದರಾಗ ಹಾಡು ಅಂದ್ರ ನೀಲಿ ಗುಡ್ಡ, ಕೆಂಪು ಗುಡ್ಡ,
ಬಡಿತಕ್ಕೊಂದು ಬಿಳಿ ಗೆರಿ,
ಶಾಬಾದಿ ಫರಸಿ ಹಾಸಿದಂಗ ಸಂದಿಗಿ ಸಂದು ಕೂಡತದ.
ಸಿಂಕ್ ಅನ್ನೋ ಗುಂಡಿ ಒಂದ್ಸಲ ಒತ್ತಿದರ
ನೂರಾ ಇಪ್ಪತ್ತೆಂಟು ನೂರಾ ಇಪ್ಪತ್ತೆಂಟಾಗೇ ಇರತದ
ಬೆಳತನಕ.
ಒತ್ತಿ, ಎಡಗೈಲೆ ಮೊಬೈಲ್ ನೋಡ್ತಾನ, ಬಲಗೈಲೆ ಮಿರ್ಚಿ ತಿಂತಾನ.
"ಮಾಮಾ, ನೀ ಹತ್ತು ವರ್ಸ ಕಲ್ತಿದ್ದು ಇಷ್ಟಾ ನೋಡು"
ಅಂತ ಉಗುರಿನಷ್ಟು ಜಾಗ ತೋರಿಸ್ದ.
ಸಿಟ್ಟು ಬಂತು. ಬಂದಿದ್ದು ಅವನ ಮ್ಯಾಲಲ್ಲ.

ಚಿತ್ತಾಪುರದ ಲಗ್ನದಾಗ ಹಲಗಿ ಮ್ಯಾಳ ಎದುರು ಬಂತು.
ಬೀಗರು ಅಂದ್ರು, ಎರಡೂ ಕೂಡೇ ಬಾರಸ್ರಿ.
ಮುಂದಿನವರ ಕೈ ಹುರುಪಿಗಿ ಓಡತಿತ್ತು,
ಹಿಂದಿನವರದು ದಣದು ಜಗ್ಗತಿತ್ತು.
ಯಂತ್ರ ತಡವರಿಸ್ತು: ನೂರಾ ಹದಿನಾಕಾ? ನೂರಾ ಇಪ್ಪತ್ತೊಂದಾ?
ಸೈಬಣ್ಣನ ಮಿರ್ಚಿ ಬಾಯಾಗೇ ನಿಂತಿತು.
"ಸರಿ" ಅಂದು ನಾ ಕೈ ಇಟ್ಟೆ.

ಇಲ್ಲಿಗಿ ನಿಲ್ಲಿಸಿದ್ರ ನಾ ಗೆದ್ದ ಕತಿ ಆಗತದ.
ಖರೇ ಹೇಳ್ತೀನಿ, ನನಗೂ ಸಿಗಲಿಲ್ಲ.
ಇಪ್ಪತ್ತೆರಡು ವರ್ಸ ಬಾಕ್ಸಿನ ಬಾಜೂಕ ನಿಂತು
ಎಡಗಿವಿ ಹೋಗ್ಯದ. ಅದರಾಗೀಗ
ಯಾರದೋ ಮನಿ ಕುಕ್ಕರಿನ ಸಿಳ್ಳಿ, ಸಣ್ಣಗ, ದಿನಾ ರಾತ್ರಿ.
ಯಾವದಕ್ಕ ಕೊಡಲಿ ಉಸ್ತಾದ, ಎಡಗಿವಿ?

ಹಲಗಿಯ ಮುದುಕ ಹುಸೇನಪ್ಪ ನನ್ನ ಮಾರಿ ನೋಡಿದ.
ಏನೂ ಅನಲಿಲ್ಲ. ಟ್ರಾಲಿಯ ತಗಡಿಗಿ ಹಲಗಿ ಆನಿಸಿ ಬಡದ.
ತಗಡು ನಡಗಿ ಮೊಣಕಾಲಿಗಿ ಬಂತು,
ಮೊಣಕಾಲಿಂದ ಎದಿ ಎಲುವಿಗಿ.
ಸೈಬಣ್ಣನ ಅಂಗೈ ಹಿಡಿದು ತಗಡಿನ ಮ್ಯಾಲಿಟ್ಟೆ.
"ಗುಂಡಿ ಬಿಡು. ಇಲ್ಲಿ ಓದು."
ತಪ್ಪಿದ. ಮತ್ತ ತಪ್ಪಿದ. ಮಂದಿ ನಕ್ಕರು,
ಮದುಮಗ ಸುದ್ದಾ ಬಾಸಿಂಗ ಸರಿಸಿ ನಕ್ಕ.
ಮೂರನೇದಕ್ಕ ಕೂಡಿತು ನೋಡ್ರಿ,
ನಾಕು ಡಬ್ಬಿ ಹೋಗೋ ಹೊತ್ತು.
ಆಮ್ಯಾಲ ಅಗಲಿತು.

ಮರುದಿನ ನಾಲವಾರದ ಬರ್ತಡೇಕ್ಕ ನಾನೇ ಸಿಂಕ್ ಒತ್ತಿದೆ.
ನಾಚಿಕಿ ಏನಿಲ್ಲ. ಕಿವಿ ಹೋದಂವಗ ಅದು ಚಾಳೀಸು.

ಯಾರ್ಡಿನ ಹಳಿಗಿ ಈಗ ಸಂದಿಲ್ಲ, ಬೆಸದು ಒಂದೇ ಮಾಡ್ಯಾರ.
ಗಾಡಿ ಎಣ್ಣಿ ಸುರದಂಗ ಹೋಗತದ.
ಕೇಬಿನ್ನಿನ ಆಚಿ, ಹಳಿ ಹಳಿಯನ್ನ ದಾಟೋ ಜಾಗದಾಗ ಮಾತ್ರ
ಇನ್ನಾ ಟಕ್ ಅಂತದಂತ.
ನನಗ ಕೇಳಸಂಗಿಲ್ಲ.
ನಿನ್ನಿ ರಾತ್ರಿ ಸೈಬಣ್ಣ ಅಲ್ಲಿ ಕುಂತಿದ್ದ,
ಮೊಬೈಲ್ ಕಿಸೆದಾಗ, ತೊಡಿ ಮ್ಯಾಲ ಬೆರಳು.
ಕರೀಲಿಲ್ಲ.
ಎರಡು ಚಾ ತರಾಕ ಹೋದೆ.