ಉಪ್ಪಿನಕಾಯಿ ಜಾಡಿಯ ಹಿಂದೆ

ಮೊದಲೇ ಹೇಳಿಬಿಡುತ್ತೇನೆ: ಅವನು ಬಂದ ಮರುದಿನವೇ
ಒಳ್ಳೆಯ ಚೀಸನ್ನು ಫ್ರಿಜ್ಜಿನಲ್ಲಿ
ಸೌತೆಯ ಉಪ್ಪಿನಕಾಯಿ ಜಾಡಿಯ ಹಿಂದಕ್ಕೆ ಸರಿಸಿದೆ.
ಯಾರೂ ನೋಡಲಿಲ್ಲ. ಬಾಗಿಲು ಹಾಕಿದರೆ
ಒಳಗಿನ ದೀಪವೂ ಆರುತ್ತದಲ್ಲ.

ಟ್ರಾನ್ಸ್‌ಕೋನಾದ ನಮ್ಮ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು.
ಚಳಿಗಾಲದ ರಾತ್ರಿ ಕಾರುಗಳನ್ನೂ ಗೋಡೆಯ ಪ್ಲಗ್ಗಿಗೆ
ಕರುಗಳ ಹಾಗೆ ಕಟ್ಟಿಹಾಕುತ್ತೇವೆ,
ಎಂಜಿನ್ನಿನ ರಕ್ತ ಹೆಪ್ಪುಗಟ್ಟದಿರಲೆಂದು.
ನಮ್ಮ ಮನೆಯೆದುರು ಮಾತ್ರ ಈಗ ಒಂದೇ ಹಗ್ಗ.
ಎರಡನೆಯ ಕಾರು ಮಾರಿ ಆ ದುಡ್ಡಿನಲ್ಲಿ
ಗ್ಯಾರೇಜಿಗೆ ಕಿಟಕಿ ಇಟ್ಟೆವು, ಹೀಟರ್ ಕೂರಿಸಿದೆವು,
ಮಂಚ ಹಾಕಿದೆವು.
"ನಂಬುತ್ತೇವೆ ಅಂದಮೇಲೆ," ಅಂದ ಆರ್ಡನ್, ಬಾಯಲ್ಲಿ ಮೊಳೆ ಕಚ್ಚಿಕೊಂಡು,
"ಭಾನುವಾರ ಒಂದು ಗಂಟೆ ನಂಬಿದರೆ ಸಾಕೇ?"
ಮಾತು ಚೆನ್ನಾಗಿತ್ತು.
ಬಸ್ಸಿಗೆ ಕಾಯುವವಳು ನಾನು.
ಮೈನಸ್ ಮೂವತ್ತೊಂದರಲ್ಲಿ, ರೆಪ್ಪೆಗೆ ಮಂಜು ಹಿಡಿಯುವ
ಆ ಹನ್ನೆರಡು ನಿಮಿಷಗಳಲ್ಲಿ
ಯೇಸುವಿಗೆ ನಾನು ಏನೇನಂದೆ ಎಂಬುದು
ಅವನಲ್ಲೂ ನನ್ನಲ್ಲೂ ಇರಲಿ.

ಲೀಲ್ಯಾಂಡ್. ಸ್ಟೋನಿ ಮೌಂಟನ್ ಜೈಲಿನಲ್ಲಿ ಹದಿನಾಲ್ಕು ವರ್ಷ.
ಏಕೆಂದು ನಮಗೆ ಗೊತ್ತಿತ್ತು. ಏಳು ತುಂಬಿದ ಟಿರ್ಜಾಳಿಗೆ
ಅರ್ಧ ಹೇಳಿದ್ದೆವು.
ಉಳಿದರ್ಧವನ್ನು ಅವಳು ಊಟದ ಮೇಜಿನಲ್ಲಿ
ಅವನನ್ನೇ ಕೇಳಿದಳು, ಆಲೂಗಡ್ಡೆ ದಾಟಿಸುತ್ತ.
ಅವನು ಚಮಚ ಕೆಳಗಿಟ್ಟು ಹೇಳಿದ,
ಉಪ್ಪುಖಾರ ಹಚ್ಚದೆ, ಒಂದೂ ಬಿಡದೆ.
"ಓ," ಅಂದಳು ಮಗು. "ಬೆಣ್ಣೆ ಬೇಕಾ?"
ನಾನು ನೀರು ತರಲು ಎದ್ದೆ.
ಜಗ್ಗು ತುಂಬಿಯೇ ಇತ್ತು.

ನಾಲ್ಕಕ್ಕೆ ಏಳುವುದು ಅವನ ಮೈಗಂಟಿದ ಚಾಳಿ.
ಎದ್ದವನೇ ಹಿಮ ಎತ್ತಿಹಾಕುತ್ತಿದ್ದ: ನಮ್ಮ ಅಂಗಳ,
ಪಕ್ಕದ ಬೊಹ್ದಾನರ ಅಂಗಳ, ಅದರಾಚೆಯದು,
ಬೀದಿ ತುದಿಯ ಅಂಚೆಪೆಟ್ಟಿಗೆಯವರೆಗೂ
ಕಾಂಕ್ರೀಟಿಗೆ ಸಲಿಕೆ ಉಜ್ಜುವ ಸದ್ದು.
ಬೊಹ್ದಾನ್ ಪೈಜಾಮದಲ್ಲೇ ಬಂದು ಬಾಗಿಲು ತಟ್ಟಿದರು:
"ಪುಣ್ಯ ಮಾಡುವುದಿದ್ದರೆ ಆರು ಗಂಟೆಯ ಮೇಲೆ ಮಾಡಿ, ತಾಯಿ."

ಸಭೆಯಲ್ಲಿ ಕೈಹಿಡಿದು ಅಂದರು, ನಿಮ್ಮಂಥವರು ಅಪರೂಪ.
ಅನ್ನುತ್ತ ಒಬ್ಬೊಬ್ಬರೂ ಹಳೆಯ ತಲೆದಿಂಬು ಕೊಟ್ಟರು.
ಏಳು ದಿಂಬು.
ಅವನಿಗಿದ್ದ ತಲೆ ಒಂದು.

ಮಾರ್ಚಿನ ಒಂದು ಮಂಗಳವಾರ ಹೇಳದೆ ಹೋದ.
ಬೀಗದಕೈ ಮೊಳೆಯಲ್ಲಿತ್ತು. ಹೊದಿಕೆ ಜೈಲಿನ ಮಡಿಕೆಯಲ್ಲಿ,
ಮೂಲೆಮೂಲೆಯೂ ಬಿಗಿ.
ಆರ್ಡನ್‌ನ ಒಳ್ಳೆಯ ಬೂಟು ಇರಲಿಲ್ಲ.
"ಅವನ ಕಾಲಿಗೇ ಸರಿಯಾಗಿತ್ತು" ಅಂದು ಆರ್ಡನ್
ಹರಿದ ಜೋಡು ಮೆಟ್ಟಿ ಕೆಲಸಕ್ಕೆ ನಡೆದ.
ಟಿರ್ಜಾ ಅತ್ತಳು.
ನನಗೆ... ಇದನ್ನು ಸಾಕ್ಷಿ ಹೇಳುವ ಹೊತ್ತಿನಲ್ಲಿ
ಎದ್ದುನಿಂತು ಹೇಳಲಾರೆ...
ನನಗೆ ಹಗುರಾಯಿತು.
ಆ ರಾತ್ರಿ ಚಿಲಕ ಹಾಕದೆ ಸ್ನಾನ ಮಾಡಿದೆ,
ಗುನುಗಿಕೊಂಡು.

ಆಮೇಲೆ ನೆನಪಾಗಿ ಜಾಡಿಯ ಹಿಂದೆ ಕೈ ಹಾಕಿದೆ.
ಚೀಸಿನ ಮೈತುಂಬ ಹಸಿರು ಬೂಷ್ಟು.
ನಾನೂ ತಿಂದಿರಲಿಲ್ಲ.
ನಾಲ್ಕು ತಿಂಗಳೂ ಬರೀ ಕಾವಲು.
ಮರುಭೂಮಿಯಲ್ಲಿ ನಾಳೆಗೆಂದು ಎತ್ತಿಟ್ಟದ್ದಕ್ಕೆ
ಬೆಳಗಾಗುವುದರೊಳಗೆ ಹುಳ ಬಿದ್ದ ಕತೆಯನ್ನು
ಭಾನುವಾರದ ಮಕ್ಕಳಿಗೆ ಹೇಳಿಕೊಡುವವಳು,
ಬಣ್ಣದ ಕಾಗದ ಕತ್ತರಿಸಿ, ಅಂಟಿಸಿ,
ಹನ್ನೊಂದು ವರ್ಷದಿಂದ, ನಾನೇ.

ಇವತ್ತು ಡೀಕನರ ಫೋನು.
ಒಬ್ಬ ಹೆಂಗಸು, ಇಬ್ಬರು ಮಕ್ಕಳು, ಒಂದು ಬೆಕ್ಕು.
ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.
ಆರ್ಡನ್ ಫೋನಿಗೆ ಅಂಗೈ ಮುಚ್ಚಿ ನನ್ನತ್ತ ನೋಡಿದ.
ಬೆಕ್ಕು ನನ್ನ ಮೂಗಿಗಾಗದು, ಅಂದೆ.
ಖಡಾಖಂಡಿತವಾಗಿಯೇ ಅಂದೆ.
ಅನ್ನುತ್ತಲೇ ಗ್ಯಾರೇಜಿನ ದೀಪ ಹಾಕಿ
ದಿಂಬುಗಳನ್ನು ಬಿಸಿಲಿಗಿಡಲು
ಎಣಿಸತೊಡಗಿದೆ.