ಷರಾ

ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕ,
ಪುಟ ಮೂವತ್ತೊಂದು, ಹಕ್ಕಿಗಳು.
ಕಾಲಂ ಒಂದು ಹೆಸರು, ಎರಡು ಸ್ಥಳ, ಮೂರು ಸ್ಥಿತಿ,
ನಾಲ್ಕು ಷರಾ.
ಟೈಪು ಮಾಡುವವಳು ನಾನು, ದಿನಗೂಲಿ.
ಹಕ್ಕಿ ಗೊತ್ತಿಲ್ಲ, ಕಾಲಂ ಗೊತ್ತು.

ಮಾಲೂರಿಂದ ಬಂದ ಸುತ್ತೋಲೆಯ ಬೆನ್ನಿಗೆ
ಪಿನ್ನು ಹೊಡೆದ ಮಾದರಿ ಪುಟ.
ಯಾರೋ ಎಲ್ಲಿಂದಲೋ ಎತ್ತಿ ಅಂಟಿಸಿದ್ದು:
ದಕ್ಷಿಣ ಅಮೆರಿಕದ ಜೌಗಿನ ಹಕ್ಕಿ, ಅಪರೂಪ, ಇರುಳಾಡಿ,
ಹಗಲೆಲ್ಲ ಹುಲ್ಲಿನೊಳಗೆ ಹುಲ್ಲು.
ಸ್ಥಿತಿ: ಕನಿಷ್ಠ ಕಾಳಜಿ.

ಕನಿಷ್ಠ ಕೂಲಿ ಗೊತ್ತು, ಅದು ಕೈಗೆ ಬಾರದ್ದೂ ಗೊತ್ತು.
ಇದೇನು ಸಾರ್, ಕನಿಷ್ಠ ಕಾಳಜಿ?
ಕಾರ್ಯದರ್ಶಿ ವಾಜಿದ್ ಸಾಹೇಬರು ಕನ್ನಡಕ ಒರೆಸಿದರು:
'ಚೆನ್ನಾಗಿದೆ ಅಂತಮ್ಮ. ಸದ್ಯಕ್ಕೆ ಯಾರೂ
ಅದರ ಚಿಂತೆ ಮಾಡಬೇಕಿಲ್ಲ ಅಂತ.'
ಏಳು ಮಕ್ಕಳಲ್ಲಿ ನಾನು ನಾಲ್ಕನೆಯವಳು.
ಅರ್ಥವಾಯಿತು.

ಅದರದೇ ದೂರದ ದಾಯಾದಿ ನಮ್ಮ ಕೆರೆಯಲ್ಲೂ ಉಂಟಂತೆ,
ಬಣ್ಣದ ಉಲ್ಲಂಕಿ.
ಕಂಡವರು ಯಾರು? ಊರೆಲ್ಲ ಕೈ ತೋರಿಸಿದ್ದು
ನೀರುಗಂಟಿ ಪಿಳ್ಳಪ್ಪನ ಕಡೆ.
ತೂಬಿನ ಬೀಗ ಹೋಗಿ ಎಷ್ಟೋ ವರ್ಷ,
ಕೀಲಿ ಇನ್ನೂ ಅವನ ಉಡಿದಾರದಲ್ಲಿ.

'ಸೀಸೆ ಹಕ್ಕಿ ಅಂತೀವಿ ನಾವು.
ಖಾಲಿ ಸೀಸೆ ಬಾಯಿಗಿಟ್ಟು ಊದಿ ನೋಡು,
ಊಕ್... ಊಕ್... ಹಾಗೆ.
ಕೂಗೋದು ಹೆಣ್ಣು. ಬಣ್ಣಾನೂ ಅವಳದೇ.
ಮೊಟ್ಟೆ ಮೇಲೆ ಕೂರೋನು ಗಂಡ, ಮಣ್ಣಿನ ಮೈಯೋನು.
ಅವಳು ಇಟ್ಟಳು, ಎದ್ದಳು, ಇನ್ನೊಬ್ಬನ ಕರೆಯೋಕೆ ಹೋದಳು.
ಬರ್ಕೊಳ್ತೀಯಾ? ನಿನ್ನ ಫಾರಂನಾಗೆ ಜಾಗ ಐತಾ?'

ಜಾಗವಿರಲಿಲ್ಲ.

ರಾತ್ರಿ ಏರಿ ಮೇಲೆ ಕೂತೆವು.
ಟಾರ್ಚು ಹಚ್ಚಬೇಡ ಎಂದ.
ನರಸಾಪುರದ ಫ್ಯಾಕ್ಟರಿಗಳ ಬೆಳಕು
ಮೋಡದ ಹೊಟ್ಟೆಗೆ ಅರಿಶಿನ ಹಚ್ಚಿತ್ತು.
ಕೆರೆ ತುಂಬಿತ್ತು. ಮಳೆಯಿಂದಲ್ಲ,
ಬೆಂಗಳೂರು ಮಿಂದು, ತೊಳೆದು, ಸೋಸಿ
ಪೈಪಿನಲ್ಲಿ ಕಳಿಸಿದ ನೀರು.
ಬೋರುಗಳಲ್ಲಿ ಉಸಿರು ಬಂದಿದೆ, ಟೊಮೆಟೊ ಕೆಂಪಾಗಿದೆ,
ಯಾರ ಬಾಯಲ್ಲೂ ದೂರಿಲ್ಲ.

'ತುಂಬಿದರೆ ಅದಕ್ಕೆ ಕಷ್ಟ,' ಅಂದ ಪಿಳ್ಳಪ್ಪ.
'ಬತ್ತಿದರೂ ಕಷ್ಟ.
ಅದಕ್ಕೆ ಕೆರೆ ಬೇಡ ತಾಯಿ, ಕೆರೆಯ ಅಂಚು ಬೇಕು.
ಕಾಲಿಟ್ಟರೆ ಕೆಸರು, ಎತ್ತಿದರೆ ನೀರು,
ನಾಲ್ಕು ಬೆರಳು ಜೊಂಡು.
ಮೊದಲು ನೀರು ತಿಂಗಳಿಗಿಷ್ಟು ಹಿಂದೆ ಸರೀತಿತ್ತು,
ಅದರ ಹಿಂದೇನೇ ಇದು ನಡ್ಕೊಂಡು ಹೋಗ್ತಿತ್ತು,
ನಾನೂ ಹೋಗ್ತಿದ್ದೆ, ಗದ್ದೆ ಗದ್ದೆಗೆ ಪಾಲು ಹಂಚುತ್ತಾ.
ಈಗ ನೀರು ಸರಿಯೋದೇ ಇಲ್ಲ.
ನಾನೂ.'

ಕಪ್ಪೆ. ಎಲ್ಲೋ ಪಂಪು. ಸೊಳ್ಳೆ.
ಒಂಬತ್ತೂವರೆಯ ಬಸ್ಸು ತಿರುವಿನಲ್ಲಿ ಹಾರನ್ನು ಹೊಡೆದು
ಯಾರನ್ನೂ ಇಳಿಸದೆ ಹೋಯಿತು.
ನನಗೆ ಅವ್ವನ ಬೈಗುಳದ ನೆನಪು, ಕಾಲಿಗೆ ಇರುವೆ.
ಏಳೋಣವೆಂದು ಸೀರೆ ಕೊಡವುವಾಗ

ಊಕ್.

ತಡೆದು, ಇನ್ನೊಂದು.
ಯಾರೋ ಕತ್ತಲನ್ನೇ ಬಾಯಿಗಿಟ್ಟು ಊದಿದ ಹಾಗೆ.
ಯಾವ ಗಂಡೂ ಓಗೊಡಲಿಲ್ಲ. ಗಂಡು ಓಗೊಡುತ್ತದೋ ಇಲ್ಲವೋ
ಕೇಳಬೇಕಿತ್ತು, ಮರೆತೆ.
ಪಿಳ್ಳಪ್ಪ ಕೈ ಅಲುಗಿಸದೆ,
ಮನೆಮಾತು ನುಗ್ಗಿ ಬಂದವನಂತೆ, ಮೆಲ್ಲಗೆ:
'ಉಂದಮ್ಮಾ.
ಉಂದಿ.'

ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೆ.
ಸ್ಥಿತಿಯ ಬಾಣ ಒತ್ತಿದರೆ ಪಟ್ಟಿ ಇಳಿಯುತ್ತದೆ:
ನಶಿಸಿದೆ, ಅಪಾಯದಲ್ಲಿದೆ, ಕನಿಷ್ಠ ಕಾಳಜಿ.
ಇರುವುದರಲ್ಲೇ ಒಂದು ಆರಿಸಬೇಕು, ನಿಯಮ.
ಜಗತ್ತಿಗೆಲ್ಲ ಲೆಕ್ಕ ಹಾಕಿದವರು ಹೇಳಿದ್ದನ್ನೇ ಆರಿಸಿದೆ,
ಸುಳ್ಳೇನಲ್ಲ ಅದು.

ಆಮೇಲೆ ಷರಾ ಕಾಲಂಗೆ ಹೋದೆ.
ಅಲ್ಲಿ ಬಾಣವಿಲ್ಲ, ಪಟ್ಟಿಯಿಲ್ಲ, ಖಾಲಿ.
ಕೆರೆಗೂ ದಡಕ್ಕೂ ನಡುವೆ ಇರುತ್ತಿದ್ದಷ್ಟು ಅಗಲ.
ಪಿಳ್ಳಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದೆ:
ಉಂದಿ.

ಪದದ ಕೆಳಗೆ ಕಂಪ್ಯೂಟರು
ಕೆಂಪು ಗೆರೆ ಎಳೆಯಿತು.

ಇರಲಿ ಎಂದು ಬಿಟ್ಟೆ.