ಹಾಲುಗಂಟು

ಸೋಮವಾರ ನಲ್ಲಿ ಬಂದದ್ದು ಬೆಳಗಿನ ನಾಲ್ಕೂವರೆಗೆ.
ಮಗು ಏಳುವುದರೊಳಗೆ ಮುಗಿಸಬೇಕೆಂದು
ಬೇಗಬೇಗ ಸೋಪು ಹಚ್ಚಿಕೊಂಡೆ.
ಎಡಗಂಕುಳಿನ ಕೆಳಗೆ, ಮೊಲೆ ಶುರುವಾಗುವಲ್ಲಿ,
ಬೆರಳು ನಿಂತಿತು.

ಮತ್ತೆ ಮುಟ್ಟಿದೆ. ಇತ್ತು.
ನೀರು ಹೊಯ್ದು ಮುಟ್ಟಿದೆ. ಇತ್ತು.
ಕೈ ಎತ್ತಿ, ಕೈ ಇಳಿಸಿ, ಬಗ್ಗಿ, ಗೋಡೆಗೆ ಒರಗಿ.
ಬಕೆಟ್ಟು ತುಂಬಿ ಚೆಲ್ಲಿ ಹರಿಯಿತು,
ವಾರಕ್ಕೆ ನಾಲ್ಕೇ ದಿನ ಬರುವ ನೀರು.

ಅಳತೆಗೆ ನನಗೆ ಗೊತ್ತಿರುವುದು ಕಾಳುಗಳು ಮಾತ್ರ.
ಸೋಮವಾರ ತೊಗರಿ.
ಮಂಗಳವಾರ ಅಲಸಂದಿ,
ಇಲ್ಲವೇ ಸೋಮವಾರ ನಾನು ಅಂದಾಜು ತಪ್ಪಿದ್ದೆ.
ಬುಧವಾರ ಡಬ್ಬಿಗಳ ಮುಚ್ಚಳ ತೆಗೆದು
ಒಂದೊಂದೇ ಕಾಳನ್ನು ಕಣ್ಣು ಮುಚ್ಚಿ
ಬೆರಳಲ್ಲಿ ಹೊರಳಿಸಿದೆ.
ಆಮೇಲೆ ಯಾವುದನ್ನೂ ಒಲೆಗಿಡಲು ಮನಸ್ಸಾಗಲಿಲ್ಲ.
ಅಂದು ಬರೀ ಅನ್ನ, ಉಪ್ಪಿನಕಾಯಿ.
"ಯಾಕ, ಬ್ಯಾಳಿ ತೀರೇತೇನು?" ಎಂದ ಗಂಡ.
ತೀರಿತು ಎಂದೆ.
ಸಂಜೆ ಒಂದು ಕಿಲೋ ತಂದಿಟ್ಟ.

ಅವನದು ಬಂದರಿನಲ್ಲಿ ಕಲ್ಲಿದ್ದಲಿನ ಕೆಲಸ.
ವಾಸ್ಕೋದ ಈ ಗುಡ್ಡದ ಬದಿಗೆ ಒಣಹಾಕಿದ
ಮಗುವಿನ ಲಂಗೋಟಿಗಳ ಮೇಲೂ ಕಪ್ಪು ಪುಡಿ ಕೂರುತ್ತದೆ.
ಕೊಡವಿದರೆ ಹೋಗುತ್ತದೆ, ಬಹಳಷ್ಟು.
ಹೇಳಬೇಕೆಂದು ಬಾಯಿ ತೆರೆದಾಗೆಲ್ಲ
ಬಾಡಿಗೆಯ ಮಾತೇ ಹೊರಬಂತು.

ನಮ್ಮ ಮಾತಿನಲ್ಲಿ ಗಂಟು ಎಷ್ಟೊಂದಕ್ಕೆ!
ಸೆರಗಿನ ತುದಿಯ ನೂರರ ನೋಟು,
ತಾಳಿಯ ಮೂರು,
ಗದಗಿನ ಬಸ್ಸಿನಿಂದ ಇಳಿಸಿಕೊಂಡ ಬಟ್ಟೆಬರೆ,
ರವೆ ಸುರಿಯುವಾಗ ಕೈ ತಡೆದರೆ ಉಪ್ಪಿಟ್ಟಿನಲ್ಲೂ.
ನನ್ನ ಗಂಟೇನು ಹೋಗುತ್ತದೆ ಎಂದು
ಎಷ್ಟು ಸಲ ಅಂದಿದ್ದೇನೆ, ಯಾರ್ಯಾರದೋ ವಿಷಯಕ್ಕೆ.
ಈಗ ಅದೇ ಮಾತನ್ನು ಹರಕೆಯ ಹಾಗೆ ಹೇಳಿಕೊಳ್ಳುತ್ತೇನೆ:
ಹೋಗಲಿ. ಹೋಗಲಿ.

ಪಕ್ಕದ ಆವೆಲಿನಾ ಬಾಯಿ ಒತ್ತಿ ನೋಡಿ
ಹಾಲು ಕಟ್ಟಿದೆ, ಅಷ್ಟೇ, ಎಂದಳು.
ಫ್ರಿಜ್ಜಿನಿಂದ ಒಂದು ಕೋಬಿ ಎಲೆ ಕಿತ್ತುಕೊಟ್ಟಳು.
ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡೇ ಮಾರುಕಟ್ಟೆಗೆ ಹೋದೆ.
ನಕ್ಕೆ ಕೂಡ, ಕೋಬಿಯ ರಾಶಿಯೆದುರು, ಒಬ್ಬಳೇ.
ಸಂಜೆಗೆ ಎಲೆ ಬಾಡಿತು.
ಅದು ಬಾಡಲಿಲ್ಲ.

ಶುಕ್ರವಾರ ಬಾಂಬೋಳಿಯ ದೊಡ್ಡಾಸ್ಪತ್ರೆ.
ಚೀಟಿ ಬರೆಯುವ ಹುಡುಗಿ ಕೇಳಿದಳು,
ತಾಯಿಯ ಕಡೆ ಯಾರಿಗಾದರೂ ಇತ್ತಾ?
ಇಲ್ಲ ಎಂದೆ.
ಬೆಂಚಿನ ಮೇಲೆ ಕೂತ ಮೇಲೆ ನೆನಪಾದಳು
ಚಿಕ್ಕಜ್ಜಿ ಬಸಲಿಂಗವ್ವ.
ಎರಡು ಸುತ್ತು ಸೆರಗು ಹೊದ್ದು ಒಳಕೋಣೆಯಲ್ಲೇ ಇದ್ದವಳು;
ದೇವರಿಲ್ಲದ ಆ ಕೋಣೆಯಲ್ಲಿ
ಹಗಲೂ ರಾತ್ರಿ ಊದಿನಕಡ್ಡಿ ಉರಿಯುತ್ತಿತ್ತು.
"ಆಕೀಗಿ ಆರಾಮಿಲ್ಲ." ಅದಕ್ಕಿದ್ದ ಹೆಸರು ಅಷ್ಟೇ.
ಅವಳು ಹೋದ ಮೇಲೂ ಯಾರೂ ಬೇರೆ ಹೆಸರಿಡಲಿಲ್ಲ.
ಮತ್ತೆ ಸಾಲಿನಲ್ಲಿ ನಿಂತೆ, ಮಗುವನ್ನು ಸೊಂಟ ಬದಲಿಸುತ್ತ,
ಅರ್ಧ ಗಂಟೆ,
ಇತ್ತು ಎಂದು ತಿದ್ದಿಸಲು.

ಡಾಕ್ಟರಮ್ಮನ ಕೈ ತಣ್ಣಗಿತ್ತು, ದನಿ ಅಲ್ಲ.
ಗುರುವಾರ ಸೋನೋಗ್ರಫಿ.
ಅಕ್ಸರ್ ಏನೂ ಇರುವುದಿಲ್ಲ ಎಂದರು.
ಆ ಅಕ್ಸರ್ ಅನ್ನು ಕನ್ನಡಕ್ಕೆ ತಿರುಗಿಸುತ್ತ,
ಹೆಚ್ಚಾಗಿ, ಬಹಳ ಮಟ್ಟಿಗೆ, ಸಾಮಾನ್ಯ,
ಝುವಾರಿ ಸೇತುವೆ ದಾಟಿದ್ದು ತಿಳಿಯಲಿಲ್ಲ.

ರಾತ್ರಿ ಮಗಳು ಎಡಕ್ಕೇ ಹೊರಳುತ್ತಾಳೆ.
ಹೊಸ ಹಲ್ಲು, ಅಕ್ಕಿಕಾಳಿನಷ್ಟು.
ಕಚ್ಚುತ್ತಾಳೆ. ಇವತ್ತು ಗದರಿಸಲಿಲ್ಲ.
ಅವಳ ಮೂಗಿನಿಂದ ಎರಡು ಬೆರಳು ದೂರದಲ್ಲಿ
ಅದೂ ಇದೆ, ಅವಳು ಉಸಿರಾಡಿದಾಗ ಬೆಚ್ಚಗಾಗುತ್ತ.

ಮೆಟ್ಟಿಲ ಮೇಲೆ ಬೂಟಿನ ಸದ್ದು.
ದೀಪ ಹಾಕಬ್ಯಾಡ್ರಿ, ಎಂದೆ ಕತ್ತಲಿಗೆ.
ಕೈ ತೊಳಕೊಂಡು ಬರ್ರಿ.
ಇಲ್ಲೊಂದು ಮುಟ್ಟಿ ನೋಡಬೇಕು.

ಅವನು ಏನೂ ಕೇಳಲಿಲ್ಲ.
ಬಚ್ಚಲಲ್ಲಿ ತಂಬಿಗೆಯ ಸದ್ದು,
ಮತ್ತೆ ಸೋಪಿನ ಡಬ್ಬಿ,
ಮತ್ತೆ ತಂಬಿಗೆ.